ಸ್ಕೋರಿನ ಕೆಳಗೊಂದು ಸಹಿ

"ಈ ನಂಬರ್ ಬರೆದದ್ದು ಯಾರು?"

ಅಂಗಡಿಯಲ್ಲಿದ್ದ ನಾಲ್ಕು ಜನವೂ ತಿರುಗಿ ನೋಡಿದರು.

ಗಾಜಿನ ಕೌಂಟರಿನ ಮೇಲೆ ಒಂದು ಟವೆಲು. ಟವೆಲಿನೊಳಗೆ ಕಂಪ್ಯೂಟರಿನ ಪರದೆಗೆ ಚಿತ್ರ ಬಿಡಿಸುವ ಒಂದು ಗ್ರಾಫಿಕ್ಸ್ ಕಾರ್ಡ್. ಹಸುಗೂಸನ್ನು ಆಸ್ಪತ್ರೆಗೆ ತಂದ ಹಾಗೆ ಸುತ್ತಿ ತಂದಿದ್ದ ಅವನು. ಕಾರ್ಡಿನ ಬೆನ್ನಿಗೆ ಅಂಟಿಸಿದ್ದ ಬಿಳಿ ಸ್ಟಿಕ್ಕರಿನ ಮೇಲೆ ಅವನ ಬೆರಳು ನಿಂತಿತ್ತು.

9240. ಅದರ ಕೆಳಗೆ ನೀಲಿ ಪೆನ್ನಿನ ದುಂಡನೆಯ ಸಹಿ: ಸಿಂಧುಜಾ.

"ನಾನೇ ಬರೆದದ್ದು," ಎಂದಳು ಅವಳು, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಡದೆ.

"ಹಾಗಾದ್ರೆ ನೀವು ಸುಳ್ಳು ಬರೆದಿದ್ದೀರಿ, ಮೇಡಂ."

ಸುಳ್ಳು...!

ಸಿಂಧುಜಾಳ ಕಿವಿ ಬಿಸಿಯಾಯಿತು. ನಾಲ್ಕು ವರ್ಷಗಳಲ್ಲಿ ಯಾರೂ ಈ ಮಾತು ಆಡಿರಲಿಲ್ಲ. ಕೂನೂರು ಬಸ್ ಸ್ಟ್ಯಾಂಡಿನ ಮೇಲಿನ ಈ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಅಂಗಡಿ ಗಿರಿಧರನ್ ಅವರದು. ಆದರೆ ಜನ ಬರುತ್ತಿದ್ದದ್ದು ಸಿಂಧುಜಾಳ ಸ್ಟಿಕ್ಕರ್ ನೋಡಿ. ವೆಲ್ಲಿಂಗ್ಟನ್ ಮಿಲಿಟರಿ ಕ್ವಾರ್ಟರ್ಸಿನ ಹುಡುಗರು, ಎಮರಾಲ್ಡಿನ ಕರೆಂಟ್ ಆಫೀಸಿನವರ ಮಕ್ಕಳು, ಊಟಿಯ ಫೋಟೋ ಸ್ಟುಡಿಯೋದವರು... ಎಲ್ಲರದೂ ಒಂದೇ ಪ್ರಶ್ನೆ: "ಸಿಂಧು ಅಕ್ಕ ಸಹಿ ಹಾಕಿದ್ದಾರಾ?"

ಅವಳ ಕ್ರಮ ಸರಳ. ಹಳೆಯ ಕಾರ್ಡೊಂದು ಬಂದರೆ ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟ ಯಂತ್ರಕ್ಕೆ ಜೋಡಿಸಿ ಬೆಂಚ್‌ಮಾರ್ಕ್ ಟೆಸ್ಟ್ ಓಡಿಸುತ್ತಿದ್ದಳು. ಪರದೆಯ ಮೇಲೆ ಸಾವಿರಾರು ಎಲೆಗಳ ಒಂದು ಕಾಡು ಗಾಳಿಗೆ ಅಲುಗಾಡುತ್ತದೆ. ಮೂರು ನಿಮಿಷದಲ್ಲಿ ಕಾರ್ಡ್ ಆ ಕಾಡನ್ನು ಎಷ್ಟು ಬಾರಿ ಬಿಡಿಸಬಲ್ಲದು ಎಂಬ ಲೆಕ್ಕದ ಮೇಲೆ ಒಂದು ಸ್ಕೋರ್ ಬರುತ್ತದೆ. ಎಲ್ಲ ಕಾರ್ಡಿಗೂ ಅದೇ ಕಾಡು, ಅದೇ ಗಾಳಿ. ಮೂರು ಸಲ ಓಡಿಸಿ, ಸರಾಸರಿ ತೆಗೆದು, ಸ್ಟಿಕ್ಕರಿನಲ್ಲಿ ಬರೆದು ಸಹಿ ಹಾಕಿದಳೆಂದರೆ ಮುಗಿಯಿತು. ಗೋಡೆಯ ಮೇಲಿನ ಪಟ್ಟಿಯಲ್ಲಿ ಕಾರ್ಡುಗಳು ಮೇಲಿಂದ ಕೆಳಕ್ಕೆ ನಿಲ್ಲುತ್ತಿದ್ದದ್ದು ಆ ನಂಬರಿನ ಪ್ರಕಾರ.

"ನಿಮ್ಮ ಹೆಸರು?" ಎಂದಳು.

"ಸುಂದರ್. ಮಸಿನಗುಡಿ. ಜನವರಿಯಲ್ಲಿ ತಗೊಂಡೆ. ಈಗ ಏಪ್ರಿಲ್. ಮೂರು ತಿಂಗಳಿಗೆ ಸ್ಕೋರ್ ಏಳು ಸಾವಿರದ ಆರುನೂರು. ನಿಮ್ಮ ಹಾಗೆ ಮೂರು ಸಲ ಅಲ್ಲ, ಹದಿಮೂರು ಸಲ ಓಡಿಸಿದ್ದೀನಿ!"

"ಕೂತ್ಕೊಳ್ಳಿ. ನಿಮ್ಮ ಕಣ್ಣೆದುರೇ ಓಡಿಸ್ತೀನಿ."

ಕೂರಲಿಲ್ಲ ಅವನು. ಎದೆಯ ಮೇಲೆ ಕೈ ಕಟ್ಟಿ ನಿಂತ. ಬಿಸಿಲಲ್ಲಿ ಬೆಂದ ಮುಖ, ತೋಳು ಮಡಚಿದ ಹತ್ತಿ ಶರ್ಟು. ಕೂನೂರಿನ ಮಂಜಿಗೆ ಅವನ ತೋಳಿನ ರೋಮವೆಲ್ಲ ಎದ್ದು ನಿಂತಿತ್ತು. ಸ್ವೆಟರ್ ತರುವುದನ್ನೂ ಮರೆತು, ಅಷ್ಟು ಕೋಪದಲ್ಲಿ ಘಾಟ್ ಹತ್ತಿ ಬಂದಿದ್ದ!

ಮೊದಲ ಸಲ 9180. ಎರಡನೆಯದು 9170. ಮೂರನೆಯದು ಮತ್ತೆ 9180.

"ನೋಡಿದ್ರಾ?" ಸಿಂಧುಜಾ ಗಲ್ಲ ಎತ್ತಿದಳು. "ಸುಳ್ಳು ಯಾರದು ಈಗ?"

"ಅರವತ್ತು ಕಡಿಮೆ ಇದೆ."

"ಅರವತ್ತು ಒಂದು ಲೆಕ್ಕಾನಾ? ನಿಮ್ಮ ಮನೆ ಮಿಷಿನ್ ಸರಿ ಇಲ್ಲ. ಅದು ನಿಮ್ಮ ತಪ್ಪು."

ಸುಂದರ್ ಕಾರ್ಡನ್ನು ಟವೆಲಿನಲ್ಲಿ ಮತ್ತೆ ಸುತ್ತಿದ. ಈಗ ಅವನ ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೇನೋ ಇತ್ತು.

"ನಮ್ಮ ಕಡೆಯವರು ಏನು ಹೇಳಿದ್ರೂ ಮೇಲಿನವರ ಉತ್ತರ ಇದೇ. ನಿಮ್ಮ ತಪ್ಪು, ನಿಮಗೆ ಗೊತ್ತಿಲ್ಲ... ಬಂದು ನೋಡಿ ಮೇಡಂ. ಭಾನುವಾರ. ಬರೋ ಧೈರ್ಯ ಇದೆಯಾ?"

"ಬರ್ತೀನಿ!"

ಬಾಯಿಂದ ಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅವನು ಹೋದ ಮೇಲೆ ಗಿರಿಧರನ್ ನಕ್ಕರು. "ಏನ್ ಸಿಂಧು ಮ್ಮಾ, ಒಂದು ಕಾಡು ಪಯ್ಯನ್, ಆ ಹುಡುಗನ ಮಾತಿಗೆ ಮಸಿನಗುಡಿವರೆಗೂ ಹೋಗ್ತೀಯಾ?"

"ಅವನ ಮಾತಿಗಲ್ಲ ಅಣ್ಣಾ. ನನ್ನ ಸಹಿಗೆ."

* * *

ಭಾನುವಾರ ಊಟಿಯಿಂದ ಹೊರಟ ಸಣ್ಣ ಬಸ್ಸು ಕಲ್ಲಟ್ಟಿ ಘಾಟಿನ ಮೂವತ್ತಾರು ತಿರುವುಗಳನ್ನು ಇಳಿಯತೊಡಗಿತು. ಹತ್ತನೆಯ ತಿರುವಿನಲ್ಲಿ ಸಿಂಧುಜಾ ಮಫ್ಲರ್ ಬಿಚ್ಚಿದಳು. ಇಪ್ಪತ್ತನೆಯದರಲ್ಲಿ ಸ್ವೆಟರ್. ಕೆಳಗೆ ಬಂದಾಗ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು.

ಅವಳ ಚೀಲದಲ್ಲಿ ಅಂಗಡಿಯ ಇನ್ನೊಂದು ಕಾರ್ಡಿತ್ತು. ದಪ್ಪನೆಯದು, ಮೂರು ಫ್ಯಾನಿನದು. ಅವಳ ಪಟ್ಟಿಯಲ್ಲಿ ಅದರ ಸ್ಕೋರ್ 8400, ಅಂದರೆ ಸುಂದರನ ಕಾರ್ಡಿಗಿಂತ ಎಷ್ಟೋ ಕೆಳಗೆ. ಅವನ ಯಂತ್ರದಲ್ಲಿ ಇದೂ ಬಿದ್ದರೆ, ತಪ್ಪು ಯಂತ್ರದ್ದು. ಮುಗಿಯಿತು ವಾದ!

ಸುಂದರನದು ತಗಡಿನ ಮಾಡಿನ ಒಂದು ಕೋಣೆ. ಒಳಗೆ ಎರಡು ಮಾನಿಟರ್, ಒಂದು ಹಳೆಯ ಕ್ಯಾಮರಾ, ಗೋಡೆಗೆ ಫಾರೆಸ್ಟ್ ಇಲಾಖೆಯ ಖಾಕಿ ಅಂಗಿ. ಸುಂದರನ ಅಪ್ಪ ಮುತ್ತ ಮುದುಮಲೈ ಕಾಡಿನಲ್ಲಿ ಬೆಂಕಿ ಕಾವಲಿನ ಕೆಲಸದವನು. ಬೇಸಿಗೆಯಲ್ಲಿ ಮನೆಗೆ ಬರುವುದೇ ಅಪರೂಪ. ಸುಂದರ್ ಮದುವೆ, ರೆಸಾರ್ಟು, ಜೀಪ್ ಸವಾರಿಗಳ ವಿಡಿಯೋ ಎಡಿಟ್ ಮಾಡುತ್ತಿದ್ದ.

"ನಿಜವಾದ ಕೆಲಸ ಬೇರೆ ಇದೆ," ಎಂದು ಅವನು ಪರದೆ ತೋರಿಸಿದ. ಹಣ್ಣು ಹಣ್ಣು ಮುದುಕಿಯೊಬ್ಬಳು ಬಿದಿರ ಮೆಳೆಯ ಮುಂದೆ ಕೂತು ಹಾಡುತ್ತಿದ್ದಳು. "ಅಜ್ಜಿ, ತಿಮ್ಮಿ. ಇವಳಿಗೆ ಬರೋ ಹಾಡು ಊರಲ್ಲಿ ಇನ್ಯಾರಿಗೂ ಬರಲ್ಲ. ಒಂದೂವರೆ ಗಂಟೆ ಸಿನಿಮಾ. ಅರ್ಧಕ್ಕೆ ಬರೋ ಹೊತ್ತಿಗೆ ಕಾರ್ಡ್ ಬಸವನ ಹುಳದ ಹಾಗೆ ತೆವಳುತ್ತೆ."

"ಮೊದಲು ಟೆಸ್ಟ್," ಎಂದಳು ಸಿಂಧುಜಾ ಬಿಗಿಯಾಗಿ.

ಅವನ ಕಾರ್ಡ್: 7590.

ಅವಳು ತುಟಿ ಕಚ್ಚಿ ತನ್ನ ಕಾರ್ಡ್ ಜೋಡಿಸಿದಳು. ಕಾಡು ಅಲುಗಾಡಿತು. ಮೂರು ನಿಮಿಷ.

8120.

ಅಯ್ಯೋ...!

ಮತ್ತೆ ಓಡಿಸಿದಳು. 8110. ಮತ್ತೆ. 8120.

ಕೆಳಗಿನದು ಮೇಲಾಗಿತ್ತು, ಮೇಲಿನದು ಕೆಳಗಾಗಿತ್ತು! ಯಂತ್ರದ ತಪ್ಪಾಗಿದ್ದರೆ ಎರಡೂ ಒಂದೇ ಥರ ಬೀಳಬೇಕಿತ್ತಲ್ಲ? ಹಾಗಾದರೆ ಗೋಡೆಯ ಮೇಲಿನ ತನ್ನ ಪಟ್ಟಿ... ನಾಲ್ಕು ವರ್ಷದ ಸಹಿಗಳು...?

ಸುಂದರ್ ನಗುತ್ತಾನೆ ಎಂದು ಅವಳು ಕಾದಳು. ಅವನು ನಗಲಿಲ್ಲ. ಒಂದು ಚೊಂಬು ನೀರು ತಂದು ಅವಳ ಪಕ್ಕದಲ್ಲಿಟ್ಟ.

"ಗೆದ್ದೆ ಅಂತ ಕುಣೀಬೇಕು ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ. "ನಿಮ್ಮ ಮುಖ ನೋಡಿದ್ರೆ ಆಗ್ತಿಲ್ಲ."

"ಕನಿಕರ ಬೇಡ."

"ಸರಿ. ಊಟ ಬೇಕಾ?"

ಅಷ್ಟು ಹೊತ್ತಿಗೆ ತಿಮ್ಮಿ ಅಜ್ಜಿಯೇ ಬಾಗಿಲಿಗೆ ಬಂದಳು. ಸಿಂಧುಜಾಳನ್ನು ಮೇಲಿಂದ ಕೆಳಗೆ ನೋಡಿ, "ಏನ್ಲಾ ಸುಂದ್ರ, ಈ ಕೂಸು ಬೆಣ್ಣೆ ಹಂಗೆ ಕರಗ್ತಾ ಅದೆ! ಫ್ಯಾನ್ ಕೆಳಗೆ ಕೂರ್ಸು," ಎಂದಳು.

ಸಿಂಧುಜಾ ತಲೆ ಎತ್ತಿದಳು. ನೆತ್ತಿಯ ಮೇಲೆ ಗರಗರ ತಿರುಗುವ ಫ್ಯಾನು. ಎಂಥ ವಿಚಿತ್ರ... ಕೂನೂರಿನ ಹತ್ತಿರ ಹುಬ್ಬತಲೈಯಲ್ಲಿ ಅವಳ ಮನೆಯಲ್ಲಿ ಫ್ಯಾನ್ ಇಲ್ಲ. ಹಟ್ಟಿಯ ಯಾವ ಮನೆಯಲ್ಲೂ ಇಲ್ಲ. ಅಂಗಡಿಯಲ್ಲೂ ಇಲ್ಲ. ಏನೋ ಒಂದು ಯೋಚನೆ ಮನಸ್ಸಿನ ಅಂಚಿಗೆ ಬಂದು ಜಾರಿ ಹೋಯಿತು.

ರಾಗಿ ಕಳಿ, ಸೊಪ್ಪಿನ ಸಾರು. ಅವಳು ಎರಡು ಸಲ ಬಡಿಸಿಕೊಂಡಳು.

ಬಸ್ಸಿಗೆ ಬಿಡಲು ಬಂದಾಗ ಸುಂದರ್ ಕೇಳಿದ, "ಈಗ ಏನು?"

"ಕಾರಣ ಹುಡುಕ್ತೀನಿ. ಅಲ್ಲೀವರೆಗೂ ಸುಳ್ಳು ಅನ್ನಬೇಡಿ."

"ಅನ್ನಲ್ಲ. ನಿಮ್ಮ ಫೋನ್ ನಂಬರ್ ಕೊಡಿ, ದಿನಾ ಸ್ಕೋರ್ ಕಳಿಸ್ತೀನಿ."

* * *

ಮನೆಗೆ ಬಂದ ಕೂಡಲೇ ಅವ್ವ ತಂಗಮಣಿಯ ಮೊದಲ ಪ್ರಶ್ನೆ ಬಂತು. "ಅವರ ಮನೇಲಿ ಊಟ ಮಾಡಿದೆಯಾ?"

ಕಾಡಿನವರ ಮನೆಯಲ್ಲಿ ಹಟ್ಟಿಯವರು ಉಣ್ಣುವ ವಾಡಿಕೆ ಇರಲಿಲ್ಲ. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಆಮಾ, ಮಾಡಿದೆ. ಎರಡು ಸಲ ಹಾಕಿಸ್ಕೊಂಡೆ."

ಅವ್ವ ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. ಸಿಂಧುಜಾ ಆ ಸದ್ದಿಗೆ ತಲೆ ತಗ್ಗಿಸಲಿಲ್ಲ.

ಮರುದಿನದಿಂದ ಮೆಸೇಜುಗಳು ಶುರುವಾದವು.

"ಮಧ್ಯಾಹ್ನ ಎರಡು ಗಂಟೆ. 7540."

"ಬೆಳಿಗ್ಗೆ ಆರು ಗಂಟೆ. 8460! ಕಾರ್ಡ್ ಈಗ ತಾನೇ ಮುಖ ತೊಳೆದಿತ್ತು ಅನಿಸುತ್ತೆ."

"ಇವತ್ತು ಆನೆ ಬಂದು ಕರೆಂಟ್ ಕಂಬ ಬಗ್ಗಿಸಿದೆ. ಸ್ಕೋರ್ ಸೊನ್ನೆ. ಆನೆಯ ಸ್ಕೋರ್ ನೂರಕ್ಕೆ ನೂರು."

ಸಿಂಧುಜಾ ಟೀ ಗಿಡಗಳ ನಡುವೆ ನಿಂತು ಒಬ್ಬಳೇ ನಕ್ಕಳು. ನಕ್ಕ ಮೇಲೆ ಗಾಬರಿಯಾಯಿತು. ಇದೇನಿದು... ಸ್ಕೋರ್ ನೋಡುವ ಮೊದಲೇ ಯಾಕೆ ಎದೆ ಹೀಗೆ ಹೊಡೆದುಕೊಳ್ಳುತ್ತದೆ? ನನ್ನನ್ನು ಸುಳ್ಳಿ ಎಂದವನಲ್ಲವೇ ಇವನು?

ಎಂಟನೆಯ ದಿನ ಬೇಸಿಗೆ ಮಳೆ ಬಂತು. ಸಂಜೆ ಅಪ್ಪ ರಂಗನಾಥನ್ ಟೀ ಎಲೆ ತೂಗುವ ಶೆಡ್ಡಿನಿಂದ ಕೆಂಡದಂಥ ಮುಖ ಹೊತ್ತು ಬಂದರು.

"ಆ ತೂಗೋನು ಇವತ್ತೂ ನೀರಿಗೆ ಅಂತ ಕಳೆದ! ನೂರು ಕಿಲೋಗೆ ಹದಿನೈದು!"

"ಎಲೆ ಒದ್ದೆ ಇತ್ತಲ್ಲಪ್ಪಾ."

"ಇತ್ತು, ಇಲ್ಲೆ ಅನ್ನಲ್ಲ. ಒದ್ದೆ ಎಲೆ ತೂಕ ಜಾಸ್ತಿ ತೋರ್ಸುತ್ತೆ. ತಕ್ಕಡಿ ಸುಳ್ಳು ಹೇಳಲ್ಲ ಕೂಸೇ. ಆದ್ರೆ ಆ ತೂಕದೊಳಗೆ ಮಳೆನೂ ಕೂತಿರುತ್ತೆ. ಎಷ್ಟು ಮಳೆ ಅಂತ ನೋಡಿ ಬರೀಬೇಕಲ್ಲ? ಅವನು ಕಣ್ಣು ಮುಚ್ಚಿ ಬರೀತಾನೆ!"

ಸಿಂಧುಜಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ತೂಕದೊಳಗೆ ಮಳೆ...

ಜನವರಿ. ಆ ಕಾರ್ಡನ್ನು ಅವಳು ಟೆಸ್ಟ್ ಮಾಡಿದ್ದು ಹುಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿದ್ದ ಒಂದು ಬೆಳಿಗ್ಗೆ. ಬೆರಳು ಮರಗಟ್ಟಿ ಸ್ಕ್ರೂ ಹಿಡಿಯಲಾಗುತ್ತಿರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡುತ್ತಾ ಬಿಸಿಯಾಗುತ್ತದೆ. ಮಿತಿ ಮೀರಿ ಕಾದರೆ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೆಟ್ಟದ ಚಳಿಯಲ್ಲಿ, ಬಿಚ್ಚಿಟ್ಟ ಮೇಜಿನ ಮೇಲೆ, ಬರೀ ಮೂರು ನಿಮಿಷದಲ್ಲಿ ಯಾವ ಕಾರ್ಡೂ ಆ ಮಿತಿ ಮುಟ್ಟುವುದೇ ಇಲ್ಲ! ತಗಡಿನ ಮಾಡಿನ ಕೆಳಗೆ, ಮುಚ್ಚಿದ ಪೆಟ್ಟಿಗೆಯೊಳಗೆ, ಮೂವತ್ತಾರು ಡಿಗ್ರಿಯಲ್ಲಿ ಅದು ಮೊದಲ ನಿಮಿಷಕ್ಕೇ ಏದುಸಿರು ಬಿಡುತ್ತದೆ. ಮೂರು ಫ್ಯಾನಿನ ದಪ್ಪ ಕಾರ್ಡ್ ತಡೆದುಕೊಂಡಿತು, ಸುಂದರನದು ಸೋತಿತು.

ಹುಟ್ಟಿದಾಗಿನಿಂದ ಫ್ಯಾನೇ ಕಾಣದ ಮನೆಯಲ್ಲಿ ಬೆಳೆದವಳು ಗಾಳಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತನ್ನ ಊರಿನ ಚಳಿಯೇ ಎಲ್ಲರ ಊರಿನ ಚಳಿ ಎಂದು ನಂಬಿದ್ದಳು.

ಓಡಿಹೋಗಿ ಫೋನ್ ಮಾಡಿದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಆ ಕಡೆಯಿಂದ ಸುಂದರ್ ಹೇಳಿದ, "ಹಾಗಾದ್ರೆ ನೀವು ಸುಳ್ಳು ಬರೆದಿರಲಿಲ್ಲ."

"ಸುಳ್ಳಲ್ಲ. ಅರ್ಧ ನಿಜ. ಅರ್ಧ ನಿಜಕ್ಕೆ ಪೂರ್ತಿ ಸಹಿ ಹಾಕಿದ್ದೆ."

"ಸಿಂಧುಜಾ..."

ಮೊದಲ ಸಲ ಅವನ ಬಾಯಲ್ಲಿ ಮೇಡಂ ಇಲ್ಲದ ಹೆಸರು.

"ಏನು?"

"ಏನಿಲ್ಲ. ಅಂಗಡಿಯಲ್ಲಿ ಎಲ್ಲರ ಮುಂದೆ ಕೂಗಾಡಿದೆನಲ್ಲ... ಕ್ಷಮಿಸಿ ಅಂತ."

"ಕೂಗಾಡಿದ್ದು ಒಳ್ಳೇದೇ ಆಯ್ತು," ಎಂದಳು. ಫೋನ್ ಇಟ್ಟ ಮೇಲೂ ತುಂಬಾ ಹೊತ್ತು ಅಲ್ಲೇ ನಿಂತಿದ್ದಳು, ಮಳೆ ಹನಿಯುವ ಸೂರಿನ ಕೆಳಗೆ.

* * *

"ಎಲ್ಲಾ ಕಾರ್ಡ್ ಮತ್ತೆ ಟೆಸ್ಟ್ ಮಾಡಬೇಕು ಅಣ್ಣಾ. ಅರ್ಧ ಗಂಟೆ ಓಡಿಸಿ, ಪೆಟ್ಟಿಗೆ ಮುಚ್ಚಿ, ಡಿಗ್ರಿ ಬರೆದು. ಮಾರಿದವರಿಗೂ ಹೇಳಬೇಕು."

ಮರುದಿನ ಅಂಗಡಿಯಲ್ಲಿ ಈ ಮಾತು ಕೇಳಿ ಗಿರಿಧರನ್ ಕಿವಿ ಕೆರೆದುಕೊಂಡರು. "ಹುಚ್ಚಾ? ಗೂಡಲೂರಿಂದ ಮೇಟ್ಟುಪಾಳ್ಯಂವರೆಗೂ ಎಲ್ಲರೂ ಕಾರ್ಡ್ ಹೊತ್ಕೊಂಡು ವಾಪಸ್ ಬರ್ತಾರೆ. ಆ ವಿಷಯ ನಾನು ನಿನ್ನೆ ರಾತ್ರಿನೇ ಮುಗಿಸಿದೆ."

"ಮುಗಿಸಿದ್ರಾ? ಹೇಗೆ?"

ಅವರು ಫೋನ್ ಮುಂದೆ ಹಿಡಿದರು. ಅಂಗಡಿಯ ಗಿರಾಕಿಗಳ ವಾಟ್ಸಾಪ್ ಗುಂಪು. ಆರುನೂರು ಜನ.

"ಮಸಿನಗುಡಿಯ ಸುಂದರ್ ಎಂಬಾತ ಕಾರ್ಡನ್ನು ತಾನೇ ಬಿಚ್ಚಿ ಹಾಳು ಮಾಡಿ ದೂರು ಹೇಳುತ್ತಿದ್ದಾನೆ. ಯಂತ್ರದ ಬಗ್ಗೆ ತಿಳಿಯದ ಕಾಡಿನವರ ಮಾತು ಯಾರೂ ನಂಬಬೇಡಿ. ನಮ್ಮ ಸ್ಕೋರ್ ಸರಿ ಇದೆ. – ಸಿಂಧುಜಾ, ಟೆಸ್ಟಿಂಗ್."

ಅವಳು ಅದನ್ನು ಎರಡು ಸಲ ಓದಿದಳು.

ತನ್ನ ಫೋನ್ ತೆರೆದಳು. ಬೆಳಿಗ್ಗೆಯಿಂದ ಸ್ಕೋರ್ ಬಂದಿರಲಿಲ್ಲ. ಬಂದಿದ್ದದ್ದು ಒಂದೇ ಸಾಲು.

"ಕಾರ್ಡ್ ಬಿಚ್ಚಿದವನು ನಾನಲ್ಲ. ಅದು ನಿಮಗೆ ಗೊತ್ತಿತ್ತು."

ಕರೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮೂರು ಸಲ ಮಾಡಿದಳು... ಸ್ವಿಚ್ ಆಫ್.

'ನಮ್ಮ ಕಡೆಯವರು ಏನು ಹೇಳಿದ್ರೂ ಮೇಲಿನವರ ಉತ್ತರ ಇದೇ.' ಮೊದಲ ದಿನ ಅವನು ಆಡಿದ ಮಾತು ಈಗ ಅವಳ ಹೆಸರನ್ನೇ ಹೊತ್ತು ಆರುನೂರು ಫೋನುಗಳಲ್ಲಿ ಕೂತಿತ್ತು!

"ಅಳಿಸಿ ಅದನ್ನ," ಎಂದಳು.

"ಎರಡು ದಿನದಲ್ಲಿ ಎಲ್ಲರೂ ಮರೀತಾರೆ ಬಿಡು ಮ್ಮಾ. ಯಾರೋ ಒಬ್ಬ ಕಾಡಿನವನಿಗೋಸ್ಕರ ನಿನ್ನ ಹೆಸರು ಕೆಡಿಸ್ಕೋತೀಯಾ?"

"ಕೆಡಿಸಿದ್ದು ನೀವು. ಅದು ನನ್ನ ಹೆಸರು ಅಣ್ಣಾ, ನಿಮ್ಮ ಬೋರ್ಡ್ ಅಲ್ಲ!"

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇರಲಿ ಎಂದುಕೊಂಡಳು. ಸ್ಟೂಲ್ ಹತ್ತಿ ಗೋಡೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಒಂದೇ ಎಳೆತಕ್ಕೆ ಹರಿದಳು. ಇಳಿದು, ಗುಂಪಿನಲ್ಲಿ ಧ್ವನಿ ಸಂದೇಶದ ಗುಂಡಿ ಒತ್ತಿ ಹಿಡಿದಳು.

"ನಾನು ಹುಬ್ಬತಲೈ ಸಿಂಧುಜಾ. ಮೇಲಿನ ಮಾತು ನನ್ನದಲ್ಲ. ಮಸಿನಗುಡಿ ಸುಂದರ್ ಹೇಳಿದ್ದೇ ನಿಜ. ಅವರ ಕಾರ್ಡ್ ಅಲ್ಲಿ ಏಳು ಸಾವಿರದ ಆರುನೂರೇ ಬರುತ್ತೆ, ನಾನೇ ಕಣ್ಣಾರೆ ನೋಡಿದ್ದೀನಿ. ನನ್ನ ಸ್ಕೋರೆಲ್ಲ ಬೆಟ್ಟದ ಚಳಿಯ ಸ್ಕೋರು. ಕೆಳಗಿನ ಊರಿನವರು ಅದನ್ನ ನಂಬಿ ಕಾರ್ಡ್ ಆರಿಸಿದ್ರೆ ತಪ್ಪು ಕಾರ್ಡ್ ಆರಿಸಿರಬಹುದು. ತಪ್ಪು ನನ್ನದು. ಯಾರದ್ದೇ ಕಾರ್ಡ್ ಇರ್ಲಿ, ನಿಮ್ಮ ಊರಿಗೇ ಬಂದು ಮತ್ತೆ ಟೆಸ್ಟ್ ಮಾಡಿ ಕೊಡ್ತೀನಿ. ಮತ್ತೆ... ಕಾಡಿನವರಿಗೆ ಯಂತ್ರ ತಿಳಿಯಲ್ಲ ಅಂದವರಿಗೆ ಒಂದು ಮಾತು. ಈ ತಪ್ಪು ಹಿಡಿದದ್ದು ಅವರೇ. ನಾಲ್ಕು ವರ್ಷ ನನಗೆ ಕಂಡಿರಲಿಲ್ಲ!"

ಬೆರಳು ತೆಗೆದಳು. ಹೋಯಿತು.

ಐದು ನಿಮಿಷದಲ್ಲಿ ಗಿರಿಧರನ್ ಅವಳನ್ನು ಗುಂಪಿನಿಂದ ತೆಗೆದರು. ಹತ್ತು ನಿಮಿಷದಲ್ಲಿ ಅವಳೇ ಅಂಗಡಿಯಿಂದ ಹೊರಬಿದ್ದಳು. ಕೈಯಲ್ಲಿ ತನ್ನ ಸ್ವಂತದ ಎರಡೇ ವಸ್ತು: ಸ್ಟಿಕ್ಕರಿನ ರೋಲ್, ನೀಲಿ ಪೆನ್ನು.

* * *

"ಕೆಲಸ ಬಿಟ್ಟು ಆ ಹುಡುಗನ ಊರಿಗೆ ಹೊರಟೆಯಾ?" ಮರುದಿನ ಬೆಳಿಗ್ಗೆ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಹಟ್ಟಿಯವರು ಕೇಳಿದ್ರೆ ನಾ ಏನ್ ಹೇಳ್ಲಿ?"

"ನನ್ನ ಕೇಳೋಕೆ ಹೇಳವ್ವಾ. ನಾನೇ ಹೇಳ್ತೀನಿ."

"ಏನಂತ?"

ಸಿಂಧುಜಾ ಅವ್ವನ ಕಣ್ಣನ್ನೇ ನೋಡಿದಳು. "ಅವನು ಇಷ್ಟ ಅಂತ."

ಹೇಳಿಬಿಟ್ಟಿದ್ದಳು! ಅವನಿಗೆ ಹೇಳುವ ಮೊದಲೇ!

ಅವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಒಲೆಯ ಮುಂದೆ ಕೂತಿದ್ದ ರಂಗನಾಥನ್ ಎದ್ದು ಬಂದರು. ಅವರು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಹಳೆಯ ಥರ್ಮಾಮೀಟರನ್ನು ಬಿಚ್ಚಿ ಮಗಳ ಚೀಲದೊಳಗಿಟ್ಟರು. ಅದು ಟೀ ಫ್ಯಾಕ್ಟರಿಯವರು ಎಂದೋ ಕೊಟ್ಟದ್ದು.

"ಸರಿಯಾಗಿ ತೂಗಿ ಬಾ ಕೂಸೇ," ಎಂದರು ಅಷ್ಟೇ.

ಅವಳು ತಲೆ ಬಾಗಿಸಿದಳು. ಅಪ್ಪನ ಒರಟು ಕೈ ಅವಳ ನೆತ್ತಿಯ ಮೇಲೆ ಒಂದು ಗಳಿಗೆ ನಿಂತಿತು.

ಮಸಿನಗುಡಿಯಲ್ಲಿ ಬಸ್ಸಿಳಿಯುವಾಗ ಅವಳ ಕಿವಿಗೆ ಬಿದ್ದದ್ದು ಅವಳದೇ ದನಿ. "...ಈ ತಪ್ಪು ಹಿಡಿದದ್ದು ಅವರೇ..." ಜೀಪ್ ಸ್ಟ್ಯಾಂಡಿನಲ್ಲಿ ಮಲ್ಲ ಎಂಬ ಡ್ರೈವರ್ ಬಾನೆಟ್ ಮೇಲೆ ಫೋನ್ ಇಟ್ಟು ಎಲ್ಲರಿಗೂ ಕೇಳಿಸುತ್ತಿದ್ದ!

"ಇದು ಆ ಅಕ್ಕನೇ ಅಲ್ವಾ?" ಎಂದು ಅವನು ಬಾಯಿ ತೆರೆದ. ಆಮೇಲೆ ಬಸ್ಸಿನ ಇನ್ನೊಂದು ಬದಿಗೆ ಕೂಗಿದ, "ಲೇ ಸುಂದ್ರ! ಊಟಿ ಬಸ್ ಹತ್ತಬೇಡ್ಲಾ! ಬೆಟ್ಟನೇ ಇಳಿದು ಬಂದದೆ!"

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ ಸುಂದರ್. ಈ ಸಲ ಸ್ವೆಟರ್ ಹಾಕಿಕೊಂಡಿದ್ದ. ಮೂವತ್ತಾರು ಡಿಗ್ರಿ ಬಿಸಿಲಲ್ಲಿ, ಬೆವರುತ್ತಾ, ಬಗಲಲ್ಲಿ ಟವೆಲಿನ ಗಂಟು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಹತ್ತೋರು ಹತ್ರೀ!" ಕಂಡಕ್ಟರ್ ಸೀಟಿ ಊದಿದ.

ಸುಂದರ್ ಕಾಲು ಕೆಳಗಿಳಿಸಿದ.

"ನಿನ್ನೆ ಸಂಜೆ ಮಲ್ಲ ಕೇಳಿಸಿದ," ಎಂದ. "ಫೋನ್ ಮಾಡೋಕೆ ಮುಖ ಇರಲಿಲ್ಲ. ಎದುರಿಗೇ ಬಂದು ಹೇಳೋಣ ಅಂತ ಹೊರಟಿದ್ದೆ. ಗುಂಪಲ್ಲಿ ನಿಮ್ಮ ಹೆಸರಿತ್ತು... ನಂಬಿಬಿಟ್ಟೆ."

"ಹೆಸರಿತ್ತು. ಸಹಿ ಇತ್ತಾ?"

"ಇರಲಿಲ್ಲ."

"ನನ್ನ ಸಹಿ ನೋಡಿ ಕಾರ್ಡ್ ತಗೊಂಡವನು ನೀನು! ಸಹಿ ಇಲ್ಲದ ಮಾತನ್ನ ಹೇಗೆ ನಂಬಿದೆ?" ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. "ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲನೂ ಸ್ವಿಚ್ ಆಫ್. ಅಂಗಡಿಗೆ ಬಂದು ಬೈಯೋಕೆ ಧೈರ್ಯ ಇತ್ತು, ಒಂದು ಸಲ ಕೇಳೋಕೆ ಇರಲಿಲ್ವಾ?"

ಸುಂದರ್ ತಲೆ ತಗ್ಗಿಸಿದ. "ಬೇರೆ ಯಾರಾದ್ರೂ ಆಗಿದ್ರೆ ಬಂದು ಬೈತಿದ್ದೆ, ಸಿಂಧು. ನೀ ಬರೆದೆ ಅಂದಾಗ... ಬೈಯೋಕೂ ಆಗಲಿಲ್ಲ."

ಅವಳ ಬಾಯಿಯಲ್ಲಿದ್ದ ಕೋಪದ ಮಾತುಗಳೆಲ್ಲ ಅಲ್ಲೇ ಕರಗಿದವು.

* * *

ತಗಡಿನ ಮಾಡಿನ ಕೋಣೆ. ಥರ್ಮಾಮೀಟರ್ ಮೂವತ್ತೇಳು ತೋರಿಸುತ್ತಿತ್ತು. ಸಿಂಧುಜಾ ಕಾರ್ಡ್ ಬಿಚ್ಚಿದಳು. ಒಳಗೆ ಹಳೆಯ ಮಾಲೀಕನ ಕಾಲದ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಕಾರ್ಡಿನ ಶಾಖವನ್ನು ಹೊರಗೆ ದಾಟಿಸಬೇಕಾದದ್ದು ಅದೇ. ಬೆಟ್ಟದಲ್ಲಿ ಚಳಿ ಅದನ್ನೂ ಮುಚ್ಚಿಟ್ಟಿತ್ತು. ಕೆರೆದು, ಒರೆಸಿ, ಹೊಸ ಪೇಸ್ಟ್ ಹಚ್ಚಿದಳು. ಪೆಟ್ಟಿಗೆಯ ಪಕ್ಕದ ಬಾಗಿಲಿಗೆ ಸುಂದರ್ ತೂತು ಕೊರೆದು ಒಂದು ಫ್ಯಾನ್ ಕೂರಿಸಿದ.

ಈ ಸಲ ಮೂರು ನಿಮಿಷ ಅಲ್ಲ. ಅರ್ಧ ಗಂಟೆ. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಆ ಎಲೆಗಳ ಕಾಡನ್ನು ನೋಡಿದರು.

8350.

"ಒಂಬತ್ತು ಸಾವಿರ ಬರಲಿಲ್ಲ," ಎಂದಳು.

"ಬೇಡ. ಇದು ನಮ್ಮೂರಿನ ನಂಬರ್."

ಪಕ್ಕದ ಮಾನಿಟರಿನಲ್ಲಿ ತಿಮ್ಮಿ ಅಜ್ಜಿಯ ಸಿನಿಮಾ ಓಡತೊಡಗಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು. ತೆವಳಲಿಲ್ಲ. ಬಾಗಿಲಲ್ಲಿ ಕೂತಿದ್ದ ಅಜ್ಜಿ ತನ್ನದೇ ಹಾಡಿಗೆ ತಾನೇ ತಲೆದೂಗಿದಳು.

ಸಿಂಧುಜಾ ಹಳೆಯ ಸ್ಟಿಕ್ಕರ್ ಕಿತ್ತಳು. ಹೊಸದರಲ್ಲಿ ಬರೆದಳು.

ಮಸಿನಗುಡಿ, 37 ಡಿಗ್ರಿ, ಅರ್ಧ ಗಂಟೆ: 8350.

ಅದರ ಮೇಲೆ ಒಂದು ಸಾಲಿನ ಜಾಗ ಬಿಟ್ಟಳು. "ಹುಬ್ಬತಲೈ ನಂಬರ್ ಮತ್ತೆ ಅಲ್ಲಿ ಓಡಿಸಿ ಬರೀತೀನಿ. ಇನ್ನು ಮೇಲೆ ಯಾವ ಕಾರ್ಡ್ ಆದ್ರೂ ಎರಡು ಕಡೆ ಟೆಸ್ಟ್. ಮೇಲೆ ನಾನು, ಕೆಳಗೆ ನೀನು. ಅಂಗಡಿ ಇಲ್ಲದಿದ್ರೂ ನಡೀಲಿ, ನನ್ನ ಮನೆ ಮೇಜು ಸಾಕು. ಎರಡು ನಂಬರ್ ಇಲ್ಲದೆ ಸ್ಟಿಕ್ಕರ್ ಇಲ್ಲ."

ಸಹಿ ಹಾಕಿ ಪೆನ್ನನ್ನು ಅವನ ಕಡೆ ಚಾಚಿದಳು.

ಸುಂದರ್ ಪೆನ್ನು ತೆಗೆದುಕೊಂಡ. ಸಿಂಧುಜಾ ಎಂಬ ದುಂಡನೆಯ ಅಕ್ಷರಗಳ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದ.

"ನಿಮ್ಮ ಮನೇಲಿ ಒಪ್ಪಲ್ಲ," ಎಂದ, ತಲೆ ಎತ್ತದೆ.

"ಸ್ಟಿಕ್ಕರಿಗಾ?"

"ಸಿಂಧು..."

"ಅವ್ವನಿಗೆ ಬೆಳಿಗ್ಗೆನೇ ಹೇಳಿ ಬಂದೆ. ಪಾತ್ರೆ ಕುಕ್ಕಲಿಲ್ಲ. ಅಷ್ಟು ಸಾಕು ಇವತ್ತಿಗೆ."

ಅವನು ಬೆರಗಾಗಿ ನೋಡಿದ. "ಏನು ಹೇಳಿದೆ?"

ಮುಖದ ಬೆವರನ್ನು ಸೆರಗಿಗೆ ಒರೆಸಿಕೊಂಡು, ಗಲ್ಲ ಎತ್ತಿ, ಮೊದಲ ದಿನ ಕೌಂಟರಿನ ಹಿಂದೆ ನಿಂತ ಹಾಗೆಯೇ ಕೂತಳು ಸಿಂಧುಜಾ.

"ನನ್ನೊಳಗೂ ಒಂದು ಸ್ಕೋರ್ ಇದೆ, ಸುಂದರ್. ಮೇಲೆ ಚಳಿಯಲ್ಲೂ ನೋಡಿದೆ. ಇಲ್ಲಿ ಬಿಸಿಲಲ್ಲೂ ನೋಡ್ತಿದ್ದೀನಿ. ನಿನ್ನ ಮೇಲೆ ಕೋಪ ಬಂದಾಗಲೂ ನೋಡಿದೆ. ಎಲ್ಲೂ ಕಡಿಮೆ ಆಗ್ತಿಲ್ಲ."

ಸುಂದರನ ಮುಖದಲ್ಲಿ ಮೆಲ್ಲಗೆ ನಗು ಅರಳಿತು. ಕಣ್ಣಲ್ಲಿ ನೀರಿತ್ತು.

"ಎಷ್ಟು ಸಲ ಓಡಿಸಿ ನೋಡಿದೆ? ಮೂರು ಸಲನಾ?"

"ಹದಿಮೂರು ಸಲ."

ಅವನು ಪೆನ್ನನ್ನು ಅವಳ ಬೆರಳುಗಳ ನಡುವೆ ಇಟ್ಟು, ಆ ಬೆರಳುಗಳನ್ನು ತನ್ನ ಕೈಯಲ್ಲಿ ಮುಚ್ಚಿ ಹಿಡಿದ.

"ಹಾಗಾದ್ರೆ ಬರಿ," ಎಂದ. "ಕೆಳಗೆ ನಾನು ಸಹಿ ಹಾಕ್ತೀನಿ."